ನೆರ್ನ್‌ಸ್ಟ್ ವೋಲ್ಟೇಜು ಹೇಳುವುದೇನು?

ಕೇಳುಗರಿಗೆ ನಮಸ್ಕಾರ. ಲ್ಯಾಂಥನಮ್, ಸ್ಟ್ರಾನ್ಷಿಯಮ್, ತಾಮ್ರ, ಆಮ್ಲಜನಕ ಸೇರಿದ ಕಪ್ಪು ಹರಳೊಂದಿದೆ. ಸ್ಟ್ರಾನ್ಷಿಯಮ್ ಹದವಾಗಿದ್ದರೆ, 38 ಕೆಲ್ವಿನ್ ಆಸುಪಾಸಿಗೆ ತಣಿದಾಗ ಅದು ಅತಿವಾಹಕ, ಅಂದರೆ ಎಲೆಕ್ಟ್ರಾನುಗಳು ಜೋಡಿಗಟ್ಟಿ ತಡೆಯಿಲ್ಲದೆ ಹರಿಯುತ್ತವೆ. ಆದರೆ ಅದಕ್ಕೂ ಹತ್ತಾರು ಡಿಗ್ರಿ ಮೇಲೆಯೇ ಎಲೆಕ್ಟ್ರಾನುಗಳು ಆಗೊಮ್ಮೆ ಈಗೊಮ್ಮೆ ಜೋಡಿಗಟ್ಟುತ್ತವೆಯೇ? ಹೌದೆನ್ನುವ ಸುಳಿವನ್ನು 2000ರಲ್ಲಿ ಪ್ರಿನ್ಸ್‌ಟನ್ನಿನ ಎನ್. ಪಿ. ಓಂಗ್ ಅವರ ತಂಡ ಕೊಟ್ಟಿತು.

ಹರಳಿನ ಒಂದು ತುದಿ ಬಿಸಿ, ಇನ್ನೊಂದು ತಂಪು. ತಾಮ್ರದ ಪದರಗಳಿಗೆ ಲಂಬವಾಗಿ ಕಾಂತಕ್ಷೇತ್ರ. ಅತಿವಾಹಕದೊಳಗೆ ಈ ಕ್ಷೇತ್ರ ಸಣ್ಣ ಸಣ್ಣ ಸುಳಿಗಳಾಗಿ ಹೊಗುತ್ತದೆ. ಸುಳಿಗಳು ಬಿಸಿಯಿಂದ ತಂಪಿನ ಕಡೆ ಸರಿದರೆ ಅಡ್ಡಲಾಗಿ ವೋಲ್ಟೇಜು ಹುಟ್ಟುತ್ತದೆ. ಹೀಗೆ ಅಡ್ಡಲಾಗಿ ವೋಲ್ಟೇಜು ಹುಟ್ಟುವುದೇ ನೆರ್ನ್‌ಸ್ಟ್ ಪರಿಣಾಮ; ಮಾಮೂಲಿ ಎಲೆಕ್ಟ್ರಾನುಗಳಿಂದಲೂ ಅದು ಬರಬಹುದು. ಓಂಗ್ ತಂಡಕ್ಕೆ ಸಿಕ್ಕ ಸುಳಿವೂ ಈ ವೋಲ್ಟೇಜೇ.

ಅಳೆಯುವಾಗ ಹರಳಿನ ಒಂದು ತುದಿಯನ್ನು ಬೆಳ್ಳಿಯ ಅಂಟಿನಿಂದ ತಾಮ್ರದ ತಂಪು ದಿಮ್ಮಿಗೆ ಕೂರಿಸಿ, ಇನ್ನೊಂದಕ್ಕೆ ಪುಟ್ಟ ರೆಸಿಸ್ಟರನ್ನು ಹೀಟರಾಗಿ ಹಚ್ಚುತ್ತಾರೆ. ತಂತಿಗಳು ಕೂದಲಿಗಿಂತ ತೆಳ್ಳಗಿರಲಿ. ದಪ್ಪವಾದರೆ ಶಾಖ ಅವುಗಳ ಮೂಲಕವೇ ಸೋರುತ್ತದೆ. ಸುತ್ತ ಒಳ್ಳೆಯ ನಿರ್ವಾತ ಬೇಕು.

ಮೋಸವಾಗುವುದು ಸಂಪರ್ಕದಲ್ಲಿ. ವೋಲ್ಟೇಜು ಅಳೆಯುವ ತಂತಿಗಳು ಹರಳಿಗೆ ತಾಗುವ ಎದುರುಬದುರಿನ ಎರಡು ಚುಕ್ಕೆಗಳು 0.05 ಮಿಲಿಮೀಟರ್ ಹಿಂದುಮುಂದಾದವು ಎನ್ನಿ. ಪ್ರತಿ ಮಿಲಿಮೀಟರಿಗೆ ಅರ್ಧ ಕೆಲ್ವಿನ್ ತಾಪಮಾನದ ಇಳಿಜಾರಿದ್ದರೆ ಅವುಗಳ ನಡುವೆ 25 ಮಿಲಿಕೆಲ್ವಿನ್ ವ್ಯತ್ಯಾಸ. ಸೀಬೆಕ್ ಗುಣಾಂಕ, ಅಂದರೆ ತಾಪಮಾನದ ವ್ಯತ್ಯಾಸವೊಂದೇ ಹುಟ್ಟಿಸುವ ವೋಲ್ಟೇಜಿನ ಅಳತೆ, ಕೆಲ್ವಿನ್ನಿಗೆ 20 ಮೈಕ್ರೋವೋಲ್ಟ್ ಆದರೆ 500 ನ್ಯಾನೋವೋಲ್ಟ್ ಸುಮ್ಮನೆ ನುಸುಳಿತು! ನಾವು ಹುಡುಕುವ ಸಂಕೇತ ಅದರ ಅರ್ಧವೂ ಇಲ್ಲದಿರಬಹುದು. ಪರಿಹಾರ ಸರಳ, ಆದರೆ ತಪ್ಪಿಸುವಂತಿಲ್ಲ: ಕ್ಷೇತ್ರದ ದಿಕ್ಕು ತಿರುಗಿಸಿ ಮತ್ತೆ ಅಳೆಯಿರಿ, ಎರಡರ ವ್ಯತ್ಯಾಸವನ್ನು ಅರ್ಧ ಮಾಡಿ. ಸೀಬೆಕ್ ಪಾಲು ತಿರುಗುವುದಿಲ್ಲ, ಕಳೆದುಹೋಗುತ್ತದೆ. ನೆರ್ನ್‌ಸ್ಟ್ ಪಾಲು ಚಿಹ್ನೆ ಬದಲಿಸಿ ಉಳಿಯುತ್ತದೆ. ಎರಡು ಅಳತೆಗಳ ನಡುವೆ ತಾಪಮಾನ ಸರಿದರೆ ಮಾತ್ರ ಈ ಲೆಕ್ಕ ಕೆಡುತ್ತದೆ. ಹೀಟರ್ ಹಾಕಿದ ಮೇಲೆ ಉಷ್ಣ ನೆಲೆಗೊಳ್ಳುವವರೆಗೆ ಕಾಯಲೇಬೇಕು. ತಾಪಮಾನ ಅಳೆಯುವ ಥರ್ಮೋಕಪಲ್ಲಿನ ಓದು ಕ್ಷೇತ್ರದಲ್ಲಿ ಬದಲಾಗುವುದನ್ನೂ ಮೊದಲೇ ತಿದ್ದಿಕೊಂಡಿರಬೇಕು.

ಇಷ್ಟಾದರೂ ಕಂಡದ್ದೆಲ್ಲ ಸುಳಿಯಲ್ಲ. ನಯೋಬಿಯಮ್-ಸಿಲಿಕಾನ್ ಪದರಗಳಲ್ಲಿ ಸುಳಿಗಳಿಲ್ಲದ, ಅಲ್ಪಾಯುಷಿ ಜೋಡಿಗಳೇ ಕ್ರಾಂತಿಕ ತಾಪಮಾನಕ್ಕಿಂತ (ಅತಿವಾಹಕತೆ ಶುರುವಾಗುವ ತಾಪಮಾನಕ್ಕಿಂತ) ಬಹಳ ಮೇಲೂ ಸಂಕೇತ ಕೊಡುತ್ತವೆಂದು 2006ರಲ್ಲಿ ತಿಳಿಯಿತು. ಯುರೋಪಿಯಮ್ ಅಥವಾ ನಿಯೋಡಿಮಿಯಮ್ ಬೆರೆತ ತಾಮ್ರದ ಆಕ್ಸೈಡುಗಳಲ್ಲಿ ಎಲೆಕ್ಟ್ರಾನುಗಳು ಪಟ್ಟೆಪಟ್ಟೆಯಾಗಿ ಸಾಲುಗಟ್ಟಿದಾಗಲೂ ನೆರ್ನ್‌ಸ್ಟ್ ಸಂಕೇತ ಹೆಚ್ಚುತ್ತದೆ ಎಂದು 2009ರ ಅಳತೆ ತೋರಿಸಿತು. ಹೀಗಾಗಿ ತಣಿಸುತ್ತ ಹೋದಂತೆ ಸಂಕೇತ ಶೂನ್ಯದಿಂದ ಮೇಲೆದ್ದ ತಾಪಮಾನವನ್ನೇ ಜೋಡಿಗಳ ಆರಂಭ ಎಂದು ಗುರುತಿಸುವುದು ನನ್ನ ಮಟ್ಟಿಗೆ ಅವಸರ. ಕ್ಷೇತ್ರವನ್ನು ಇನ್ನಷ್ಟು ಏರಿಸಿ ನೋಡಿ. ಅತಿವಾಹಕ ಪಾಲು ಬಲವಾದ ಕ್ಷೇತ್ರದಲ್ಲಿ ಬಾಗಿ ಕುಗ್ಗುತ್ತದೆ. ಮಾಮೂಲಿ ಎಲೆಕ್ಟ್ರಾನುಗಳ ಪಾಲು ಬಹುತೇಕ ನೇರ ಗೆರೆಯಲ್ಲೇ ಏರುತ್ತ ಹೋಗುತ್ತದೆ.