ಒಂದು ರಾತ್ರಿಯ ಸ್ಯಾಟಿನ್ ಮೆಟ್ಟು

ಕೇಳುಗರಿಗೆ ನಮಸ್ಕಾರ.

1840ರ ಫೆಬ್ರವರಿ 10ರಂದು ವಿಕ್ಟೋರಿಯಾ ರಾಣಿ ಮದುವೆಯ ದಿನ ಮೆಟ್ಟಿದ್ದು ಬಿಳಿ ಸ್ಯಾಟಿನ್ನಿನ ಚಪ್ಪಟೆ ಮೆಟ್ಟು. ಹೀಲಿಲ್ಲ, ಬಕಲ್ ಇಲ್ಲ, ಕಟ್ಟಿಕೊಳ್ಳಲು ರಿಬ್ಬನ್ ಅಷ್ಟೆ. ಇಂಗ್ಲೆಂಡಿನ ನಾರ್ಥಾಂಪ್ಟನ್ ವಸ್ತುಸಂಗ್ರಹಾಲಯದಲ್ಲಿ ಅದು ಈಗಲೂ ಇದೆ.

ಆಗಿನ ಸಿರಿವಂತ ಹೆಂಗಸರ ನೃತ್ಯಕೂಟದ ಮೆಟ್ಟಿನ ಹೆಚ್ಚುಗಾರಿಕೆಯೆಲ್ಲ ಅದರ ತೆಳುವಿನಲ್ಲಿತ್ತು. ಹೊಲಿಯುವ ಬಗೆ ಹೀಗೆ. ಮೇಲಿನ ಬಟ್ಟೆಯ ಒಳಮೈ ಹೊರಗೆ ಬರುವಂತೆ ಮರದ ಅಚ್ಚಿನ ಮೇಲೆ ಬಿಗಿಯಬೇಕು. ಅಟ್ಟೆಯನ್ನೂ ತಿರುಗುಮುರುಗಾಗಿಯೇ ಕೂರಿಸಿ ಅಂಚಿನ ಸುತ್ತ ಹೊಲಿಯಬೇಕು. ಆಮೇಲೆ ಅಚ್ಚು ಕಳಚಿ, ದಿಂಬಿನ ಗವುಸು ತಿರುವಿದ ಹಾಗೆ ಮಗುಚಿದರೆ ಹೊಲಿಗೆ ಒಳಗೆ ಅಡಗುತ್ತದೆ. ಅಟ್ಟೆಯದು ದಪ್ಪ ತೊಗಲಾದರೆ ಮಗುಚಲು ಬಗ್ಗದು. ತೊಗಲು ಬಗ್ಗಲೆಂದು ನೀರು ಹೆಚ್ಚಾಗಿ ಹಾಕಿದರೆ ಸ್ಯಾಟಿನ್ ಕಲೆಯಾಗುತ್ತದೆ. ಸೂಜಿ ಅಟ್ಟೆಯ ಹೊರಮೈಗೆ ದಾಟಲೂಬಾರದು. ದಾಟಿದರೆ ದಾರ ನೆಲಕ್ಕೆ ಉಜ್ಜಿ ಸವೆದು ಮೆಟ್ಟು ಬಾಯಿಬಿಡುತ್ತದೆ. ಇಷ್ಟೆಲ್ಲ ಪಾಡುಪಟ್ಟು ಹೊಲಿದದ್ದು ಒಂದು ರಾತ್ರಿಯ ಕುಣಿತಕ್ಕೇ ಸವೆದುಹೋದರೆ ಯಾರೂ ಅಚ್ಚರಿಪಡುತ್ತಿರಲಿಲ್ಲ.

ಇನ್ನೊಂದು ತಮಾಷೆ. ಪ್ಯಾರಿಸಿನ ಮೆಲ್ನೋತ್ ಎಂಬ ತಯಾರಕರ ಮೆಟ್ಟುಗಳ ಒಳಗೆ ಫ್ರೆಂಚಿನಲ್ಲಿ ಎಡ, ಬಲ ಎಂದು ಚೀಟಿ ಅಂಟಿಸಿರುತ್ತದೆ. ಆಕಾರ ನೋಡಿದರೆ ಎರಡೂ ಒಂದೇ! ಎಡ ಬಲ ಮಾಡುವ ಕೆಲಸ ಹಾಕಿಕೊಂಡವರ ಪಾದದ್ದು. ಕಿರುಬೆರಳು ಒತ್ತುವ ಕಡೆ ಬಟ್ಟೆ ಪಿಸಿಯುವುದೂ ಅದರಿಂದಲೇ.

1850ರ ದಶಕದ ಕೊನೆಗೆ ಕ್ರಿನೊಲಿನ್ ಬಂತು. ಉಕ್ಕಿನ ಬಳೆಗಳ ಆ ಲಂಗ ನಡೆದಾಗ ತೂಗಾಡಿ ಪಾದ ಕಾಣತೊಡಗಿತು. ಹೀಲೂ ಮರಳಿತು, ಬಣ್ಣಗಳೂ ಕಣ್ಣು ಕುಕ್ಕುವಂತಾದವು. 1856ರಲ್ಲಿ ಲಂಡನ್ನಿನಲ್ಲಿ ರಸಾಯನಶಾಸ್ತ್ರಜ್ಞ ಪರ್ಕಿನ್ ಕಂಡುಹಿಡಿದ ನೇರಳೆ ಬಣ್ಣದ ಬೆನ್ನಿಗೇ ಕೃತಕ ಬಣ್ಣಗಳು ಸಾಲುಗಟ್ಟಿ ಬಂದಿದ್ದವು. ಪ್ಯಾರಿಸಿನ ಪಿನೆ ಎಂಬ ತಯಾರಕನ ಕಸೂತಿ ಬೂಟುಗಳು ಈ ಕಾಲದವು. ಸೊಂಟ ಸಣ್ಣಗಾಗಿ ಬಾಗಿದ ಲೂಯಿ ಎಂಬ ಬಗೆಯ ಹೀಲಿನ ಗುರುತು ಹಿಡಿಯಬೇಕೆ? ಮೆಟ್ಟನ್ನು ಬೋರಲಾಗಿಸಿ. ಅಟ್ಟೆಯ ತೊಗಲು ಹೀಲಿನ ಬುಡದಲ್ಲಿ ನಿಲ್ಲದೆ, ಅದರ ಮುಂಬದಿಯ ಮೇಲೆ ಹಾಗೇ ಇಳಿದಿರುತ್ತದೆ. ನಡುವೆ ಕತ್ತರಿಸಿದ ಗೆರೆ ಕಂಡರೆ ಅದು ಬೇರೆ ಬಗೆಯ ಹೀಲು.

ಇವನ್ನು ಕೂಡಿಡುವವರಿಗೆ ಒಂದು ಎಚ್ಚರಿಕೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ರೇಷ್ಮೆಗೆ ತೂಕ ಬರಲೆಂದು ತವರದ ಲವಣ ಕುಡಿಸುತ್ತಿದ್ದರು. ಅಂಥ ರೇಷ್ಮೆ ಈಗ ಮುಟ್ಟಿದರೆ ಸೀಳುತ್ತದೆ. ಬೆಳಕು 50 ಲಕ್ಸ್ (ಬೆಳಕಿನ ಅಳತೆ) ದಾಟದಿರಲಿ, ಒಳಗೆ ಆಮ್ಲವಿಲ್ಲದ ಕಾಗದ ತುಂಬಿ. ರಿಬ್ಬನ್ನನ್ನು ಮಡಿಸಬೇಡಿ, ಸಡಿಲವಾಗಿ ಸುತ್ತಿಡಿ. ಅದು ಮೊದಲು ಹರಿಯುವುದು ಮಡಿಕೆಯಲ್ಲೇ.