ಗಯಾಸಾನ್ ಬೆಟ್ಟದ ಕಿಟಕಿಗಳು

ಕೇಳುಗರಿಗೆ ನಮಸ್ಕಾರ. ಇವತ್ತು ಒಂದಷ್ಟು ಕಿಟಕಿಗಳ ಬಗ್ಗೆ ಮಾತಾಡೋಣ.

ದಕ್ಷಿಣ ಕೊರಿಯಾದಲ್ಲಿ ಗಯಾಸಾನ್ ಅಂತ ಒಂದು ಬೆಟ್ಟ. ಸುಮಾರು 1,430 ಮೀಟರ್ ಎತ್ತರ. ಅದರ ಇಳಿಜಾರಿನಲ್ಲಿ ಹೇಇನ್ಸಾ ಎಂಬ ಬೌದ್ಧ ಮಠವಿದೆ. ಶುರುವಾದದ್ದು 802ರಲ್ಲಿ. ಮಠದ ಮುಖ್ಯ ಗುಡಿಯನ್ನೂ ದಾಟಿ ಮೆಟ್ಟಿಲು ಹತ್ತಿದರೆ ಉದ್ದನೆಯ ಎರಡು ಮರದ ಕಟ್ಟಡಗಳು ಎದುರಾಗುತ್ತವೆ. ಅಲ್ಲಿರುವುದು ಮೂರ್ತಿಗಳಲ್ಲ, ಅಚ್ಚಿನ ಹಲಗೆಗಳು. ಒಟ್ಟು 81,258. ಒಂದೊಂದರ ಎರಡೂ ಬದಿಯಲ್ಲಿ ತ್ರಿಪಿಟಕದ, ಅಂದರೆ ಬೌದ್ಧ ಧರ್ಮಗ್ರಂಥಗಳ, ಸಾಲುಗಳನ್ನು ಚೀನೀ ಅಕ್ಷರಗಳಲ್ಲಿ ತಿರುಗುಮುರುಗಾಗಿ ಕೆತ್ತಿದ್ದಾರೆ. ಮಸಿ ಬಳಿದು ಕಾಗದ ಒತ್ತಿದರೆ ಪುಟ ತಯಾರು.

ಇದಕ್ಕೂ ಮೊದಲು ಕೆತ್ತಿದ್ದ ಹಲಗೆಗಳು 1232ರಲ್ಲಿ ಮಂಗೋಲರ ದಾಳಿಯಲ್ಲಿ ಸುಟ್ಟುಹೋದವು. ಕೆಲವೇ ವರ್ಷಗಳಲ್ಲಿ ಮತ್ತೆ ಮೊದಲಿಂದ ಕೆತ್ತನೆ ಹಿಡಿದರು, 1251ಕ್ಕೆ ಮುಗಿಸಿದರು. ಬುದ್ಧನ ಕೃಪೆಯಿಂದ ಶತ್ರು ತೊಲಗುತ್ತಾನೆ ಎಂಬ ನಂಬಿಕೆ. ಮಂಗೋಲರೇನೂ ತೊಲಗಲಿಲ್ಲ, ಅದು ಬೇರೆ ಮಾತು. ಹಲಗೆಗಳಂತೂ ಉಳಿದವು.

ಮಳೆ, ಹಿಮ, ಹುಳ ಎಲ್ಲ ಇರುವ ಬೆಟ್ಟದಲ್ಲಿ ಮರ ಇಷ್ಟು ಶತಮಾನ ಹೇಗೆ ಬಾಳಿತು? ಹಲಗೆಗೆ ಅರಗಿನ ಲೇಪ ಕೊಟ್ಟಿದ್ದಾರೆ, ಸೊಟ್ಟಗಾಗದಂತೆ ಎರಡೂ ತುದಿಗೆ ಕಟ್ಟು ಹಾಕಿದ್ದಾರೆ. ಆದರೆ ನನ್ನ ಮಟ್ಟಿಗೆ ದೊಡ್ಡ ಜಾಣತನ ಇರುವುದು 15ನೇ ಶತಮಾನದ ಆ ಕಟ್ಟಡದಲ್ಲೇ. ಮುಂದಿನ ಗೋಡೆಯಲ್ಲಿ ಕೆಳಗಿನ ಕಿಟಕಿ ದೊಡ್ಡದು, ಮೇಲಿನದು ಚಿಕ್ಕದು. ಹಿಂದಿನ ಗೋಡೆಯಲ್ಲಿ ಇದು ಉಲ್ಟಾ. ಕಿಟಕಿಗೆ ಗಾಜೂ ಇಲ್ಲ, ಬಾಗಿಲೂ ಇಲ್ಲ, ಬರೀ ಮರದ ಸರಳು. ಹೀಗಾಗಿ ಒಳಗೆ ನುಗ್ಗಿದ ಗಾಳಿ ಸೀದಾ ಆಚೆ ಹೋಗುವುದಿಲ್ಲ. ಕೆಳಗಿಂದ ಮೇಲಕ್ಕೆ ಹಲಗೆಗಳ ನಡುವೆಯೆಲ್ಲ ಸುತ್ತಾಡಿ ಹೋಗುತ್ತದೆ. ನೆಲದ ಮಣ್ಣಿಗೆ ಇದ್ದಿಲು, ಸುಣ್ಣ, ಉಪ್ಪು ಸೇರಿಸಿದ್ದಾರೆ. ತೇವ ಜಾಸ್ತಿಯಾದರೆ ಅದು ಹೀರಿಕೊಳ್ಳುತ್ತದೆ, ಕಮ್ಮಿಯಾದರೆ ಬಿಟ್ಟುಕೊಡುತ್ತದೆ.

ಮಠಕ್ಕೆ ಹಲವು ಸಲ ಬೆಂಕಿ ಬಿದ್ದಿದೆ. ಈ ಎರಡು ಕಟ್ಟಡಗಳಿಗೆ ತಾಗಲಿಲ್ಲ. 1951ರಲ್ಲಿ, ಕೊರಿಯಾ ಯುದ್ಧ ನಡೆಯುವಾಗ, ಅಲ್ಲಿ ಅಡಗಿದ್ದ ಗೆರಿಲ್ಲಾಗಳ ಮೇಲೆ ಬಾಂಬ್ ಹಾಕಲು ಆದೇಶ ಬಂತು. ವಿಮಾನಗಳ ಮುಂದಾಳು ಕಿಮ್ ಯಂಗ್-ಹ್ವಾನ್ ಮಠದ ಮೇಲೆ ಬಾಂಬ್ ಹಾಕಲು ಒಪ್ಪಲಿಲ್ಲ. ಯುದ್ಧದಲ್ಲಿ ಆದೇಶ ಮೀರುವುದು ಸಣ್ಣ ವಿಷಯವಲ್ಲ, ಅಲ್ವಾ?

1970ರ ದಶಕದಲ್ಲಿ ಸರ್ಕಾರಕ್ಕೇ ಚಿಂತೆ ಹತ್ತಿತು. ಹಳೇ ಮರದ ಕಟ್ಟಡ, ಏನಾದರೂ ಆದರೆ? ಕಾಂಕ್ರೀಟಿನ ಹೊಸ ಉಗ್ರಾಣ ಕಟ್ಟಿಸಿ, ಪರೀಕ್ಷೆಗೆಂದು ಒಂದಷ್ಟು ಹಲಗೆ ಇಟ್ಟು ನೋಡಿದರು. ಬೂಷ್ಟು ಹಿಡಿಯಿತು. ಅವನ್ನು ವಾಪಸ್ ತಂದು ಹಳೇ ಜಾಗದಲ್ಲೇ ಜೋಡಿಸಿದರು.