ಅಂಗಿಯ ತೋಳು ತಿರುವಿದ ಹಾಗೆ

ಕೇಳುಗರೆ, ನಮಸ್ಕಾರ.

ತೊಗರಿ ಸುಗ್ಗಿಯ ದಿನಗಳು. ಕಲಬುರಗಿ ಗಂಜಿನಲ್ಲಿ ಲೆಕ್ಕ ಬರೆಯುತ್ತಿದ್ದ ಹಿರಿಯರೊಬ್ಬರ ಕೈಯಿಂದ ಪೆನ್ನು ಜಾರಿತು. ಬಲಗೈ ಏಳಲಿಲ್ಲ, ಮಾತು ತೊದಲಿತು. ಹತ್ತು ನಿಮಿಷಕ್ಕೆ ಎಲ್ಲ ಸರಿಹೋಯಿತು. "ರಾತ್ರಿ ನಿದ್ದಿ ಇಲ್ಲ, ಅದಕ್ಕ ಬಿಡು" ಅಂದರಂತೆ. ಮಗ ಬಿಡಲಿಲ್ಲ, ಮರುದಿನವೇ ನನ್ನ ಹತ್ತಿರ ಕರೆತಂದ. ಸ್ಕ್ಯಾನ್ ಮಾಡಿದರೆ ಕುತ್ತಿಗೆಯ ಎಡಗಡೆ ರಕ್ತನಾಳ ಮುಕ್ಕಾಲಿಗಿಂತ ಜಾಸ್ತಿ ಕಟ್ಟಿತ್ತು.

ನಮ್ಮ ಕಡೆ ಬೋರ್ ನೀರಿನ ಪೈಪಿನೊಳಗೆ ಸುಣ್ಣ ಕಟ್ಟುತ್ತದೆ, ಅಲ್ವಾ? ಹಾಗೆಯೇ ಇಲ್ಲಿ ಕೊಬ್ಬು. ಅದರ ಚೂರು ಕಳಚಿ ಮೆದುಳಿಗೆ ಹೋದರೆ ಲಕ್ವಾ. ಇಂಥ ಸೂಚನೆ ಸಿಕ್ಕ ಎರಡು ವಾರದೊಳಗೆ ನಾಳ ತೆರೆದು ಕೊಬ್ಬು ತೆಗೆದರೆ ಲಾಭ ಹೆಚ್ಚು.

1953ರಲ್ಲೇ ಅಮೆರಿಕದ ಸರ್ಜನ್ ಡಿಬೇಕಿ ಈ ಆಪರೇಷನ್ ಮಾಡಿದ್ದರು. ಹಳೆಯ ಪದ್ಧತಿಯಲ್ಲಿ ನಾಳವನ್ನು ಉದ್ದಕ್ಕೆ ಸೀಳಿ ಕೊಬ್ಬು ಬಿಡಿಸುತ್ತೇವೆ. ಸುಮ್ನೆ ಹೊಲಿದರೆ ನಾಳ ಕಿರಿದಾಗುವ ಭಯ, ಅದಕ್ಕೇ ತೇಪೆ ಹಾಕುತ್ತೇವೆ. ಇನ್ನೊಂದು ಪದ್ಧತಿಯಲ್ಲಿ ನಾಳ ಎರಡಾಗುವ ಕವಲಿನ ಬುಡದಲ್ಲಿ ಓರೆಯಾಗಿ ಕತ್ತರಿಸಿ, ಅಂಗಿಯ ತೋಳು ತಿರುವಿದ ಹಾಗೆ ಹೊರಪದರವನ್ನು ಮೇಲಕ್ಕೆ ಮಗುಚುತ್ತೇವೆ. ಒಳಗಿನದು ಇಡಿಯಾಗಿ ಕಳಚಿ ಬರುತ್ತದೆ. ಹಳದಿ ಬಣ್ಣ, ಒರಟು ಮೈ. ಸ್ಟೀಲ್ ಬಟ್ಟಲಿಗೆ ಹಾಕಿದರೆ ಟಕ್ ಅನ್ನುತ್ತದೆ. ಮತ್ತೆ ಅದೇ ಜಾಗಕ್ಕೆ ಹೊಲಿಗೆ, ತೇಪೆ ಬೇಡ. ನಾಳ ಉದ್ದವಾಗಿ ಸೊಟ್ಟಗಿದ್ದರೆ ಸ್ವಲ್ಪ ಕತ್ತರಿಸಿ ನೇರ ಮಾಡಲೂಬಹುದು. ನನಗೆ ಇದೇ ಇಷ್ಟ. ಆದರೆ ಕೊಬ್ಬು ತೀರಾ ಮೇಲಿನವರೆಗೆ ಹಬ್ಬಿದ್ದರೆ ಅದರ ಕೊನೆ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆಗ ಹಳೆಯ ಪದ್ಧತಿಯೇ ವಾಸಿ.

"ಸ್ಟೆಂಟ್ ಹಾಕ್ರಿ, ಕೊಯ್ಯಬ್ಯಾಡ್ರಿ" ಎಂದು ಮಗ ಕೇಳಿದ. ಸ್ಟೆಂಟ್ ಅಂದರೆ ನಾಳ ತೆರೆದಿಡಲು ಒಳಗೆ ಕೂರಿಸುವ ಜಾಲರಿ ಕೊಳವೆ. ಕೇಳಿದ್ದು ತಪ್ಪಿಲ್ಲ. ಇವೆರಡನ್ನೂ ಹೋಲಿಸಿ 2010ರಲ್ಲಿ ಪ್ರಕಟವಾದ ಕ್ರೆಸ್ಟ್ ಅಧ್ಯಯನದಲ್ಲಿ 2,502 ಜನರನ್ನು ನೋಡಿದರು. ಮೊದಲ ದಿನಗಳಲ್ಲಿ ಸ್ಟೆಂಟ್ ಹಾಕಿಸಿಕೊಂಡವರಿಗೆ ಲಕ್ವಾ ಜಾಸ್ತಿ, ಆಪರೇಷನ್ ಆದವರಿಗೆ ಹೃದಯಾಘಾತ ಜಾಸ್ತಿ. ವಯಸ್ಸು 70 ದಾಟಿದವರಿಗೆ ಆಪರೇಷನ್ನೇ ಮೇಲು ಅನ್ನಿಸಿತು. ಈ ಹಿರಿಯರಿಗೆ 74, ಹೃದಯ ಗಟ್ಟಿ.

ಐದನೇ ದಿನ ಕುತ್ತಿಗೆಗಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಶುರು ಮಾಡಿದೆವು. ಅವರಿಗೆ ಎಚ್ಚರ ಇತ್ತು. ಬಲಗೈಯಲ್ಲಿ ಮಕ್ಕಳಾಟದ ರಬ್ಬರ್ ಬಾತುಕೋಳಿ ಕೊಟ್ಟಿದ್ದೆವು. ನಾಳಕ್ಕೆ ಕ್ಲ್ಯಾಂಪ್ ಹಾಕಿದ ಮೇಲೆ ಕೈ ನಿಂತರೆ ಮೆದುಳಿಗೆ ರಕ್ತ ಸಾಲುತ್ತಿಲ್ಲ ಎಂದರ್ಥ. ತಕ್ಷಣ ಸಣ್ಣ ಕೊಳವೆ ಇಟ್ಟು ರಕ್ತ ಹರಿಸಬೇಕು.

"ಕಾಕಾ, ಒತ್ತರಿ" ಅಂದೆ.

ಕೀಂ ಅಂತು. ಹೊಲಿಗೆ ಮುಗಿಯುವವರೆಗೂ ಆ ಸದ್ದು ನಿಲ್ಲಲಿಲ್ಲ.